ಸಾವಿರದ ಕಲ್ಲಿನ ಆಚೆ

ಹಿಂಟರ್‌ಮೂಸ್ ಎಂಬ ನಮ್ಮೂರಿನಲ್ಲಿ ಹುಟ್ಟಿದ ಮಗುವಿಗೆ ಈ ನಿಯಮವನ್ನು ಯಾರೂ ಕಲಿಸಬೇಕಾಗಿಲ್ಲ. ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ‘ನೀವು’ ಎಂಬ ಮಾತಿಲ್ಲ, ಎಲ್ಲರಿಗೂ ‘ನೀನು’ ಒಂದೇ. ಕೆಳಗೆ ನೀವು ಜಡ್ಜೇ ಆಗಿರಿ, ಡಾಕ್ಟರೇ ಆಗಿರಿ, ಆ ದೊಡ್ಡಸ್ತಿಕೆಯನ್ನೆಲ್ಲ ಕಳಚಿಟ್ಟು ಬೆಟ್ಟ ಹತ್ತಬೇಕು. ಕಾಲು ಜಾರಿದಾಗ ‘ದಯವಿಟ್ಟು ತಾವು ನನ್ನ ಕೈ ಹಿಡಿಯುತ್ತೀರಾ’ ಎನ್ನುತ್ತ ಕುಳಿತರೆ ತಾವು ಅಷ್ಟರಲ್ಲಿ ಕಣಿವೆಯ ತಳ ಸೇರಿರುತ್ತೀರಿ ಎಂದು ಹಳಬರು ನಗುತ್ತಿದ್ದರು. ಟಿರೋಲಿನ ಬೆಟ್ಟಗಳಲ್ಲೆಲ್ಲ ಈ ಪದ್ಧತಿ ಉಂಟು. ಆದರೆ ಅದಕ್ಕೆಂದೇ ಒಂದು ಕಲ್ಲು ನೆಟ್ಟು ಗೆರೆ ಎಳೆದವರು ನಮ್ಮೂರಿನವರು ಮಾತ್ರ.

ಕಲ್ಲು ನೆಟ್ಟವನು ನಮ್ಮೂರಿನ ಬುರ್ಗಿ ಎಂಬವಳ ತಾತ ಕ್ವಿರಿನ್. ಬೆಟ್ಟಕ್ಕೆ ಬಂದವರಿಗೆ ದಾರಿ ತೋರಿಸಿ ಬದುಕಿದವನು. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಒಂದು ದುಂಡನೆಯ ಹಿತ್ತಾಳೆಯ ಯಂತ್ರ ಅವನ ಬಳಿ ಇತ್ತು. ಅದನ್ನು ಹಿಡಿದು ಊರಿನಿಂದ ಹತ್ತುತ್ತಾ ಹೋಗಿ, ಮುಳ್ಳು ಸಾವಿರ ಮುಟ್ಟಿದಲ್ಲಿ, ಲಾರ್ಚ್ ಮರಗಳ ನಡುವೆ, ಸೊಂಟದೆತ್ತರದ ಕಲ್ಲು ನಿಲ್ಲಿಸಿ ೧೦೦೦ ಎಂದು ಕೆತ್ತಿದ. ಎಂಬತ್ತು ವರ್ಷ ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಈ ನಡುವೆ ಬೆಟ್ಟವೆಲ್ಲ ನಿಸರ್ಗ ಉದ್ಯಾನವಾಯಿತು. ಬೇಸಿಗೆಯ ಪ್ರತಿ ಮಂಗಳವಾರ ಮಕ್ಕಳಿರುವ ಕುಟುಂಬಗಳಿಗೆಂದು ಒಂದು ನಡಿಗೆ ಶುರುವಾಯಿತು. ಅದನ್ನು ನಡೆಸುವ ಕೆಲಸ ಬುರ್ಗಿಗೆ ಬಂತು. ನೋಟ್‌ಬುರ್ಗಾ ಅವಳ ಪೂರ್ತಿ ಹೆಸರು. ಆ ಹೆಸರಿನಿಂದ ಕರೆದವರು ಪಾದ್ರಿ ಒಬ್ಬರೇ. ಮದುವೆಯಾಗಲಿಲ್ಲ. ಕೇಳಿದವರಿಗೆ, “ಪ್ರತಿ ಮಂಗಳವಾರ ಇಪ್ಪತ್ತು ಮಕ್ಕಳ ತಾಯಿ ನಾನು, ಇನ್ನೇನು ಬೇಕು?” ಎನ್ನುವಳು. ಇಪ್ಪತ್ತಮೂರು ಬೇಸಿಗೆ ಆ ಕೆಲಸ ಮಾಡಿದಳು.

ಬಸ್ಸಿಳಿದವರನ್ನು ಕೂಡಿಸಿಕೊಂಡು ಅರ್ಧ ಗಂಟೆ ನಡೆದರೆ ಕಲ್ಲು. ಅಲ್ಲಿ ಬುರ್ಗಿ ಕೋಲನ್ನು ದಾರಿಗೆ ಅಡ್ಡ ಹಿಡಿಯುತ್ತಿದ್ದಳು.

“ನಿಲ್ಲಿ, ನಿಲ್ಲಿ! ಇಲ್ಲಿವರೆಗೆ ನೀವು. ಇಲ್ಲಿಂದಾಚೆ ನೀನು. ತಪ್ಪಿದವರು ಮೇಲಿನ ಗುಡಿಸಲಲ್ಲಿ ಎಲ್ಲ ಮಕ್ಕಳಿಗೂ ಹಾಲು ಕುಡಿಸಬೇಕು.”

ಒಮ್ಮೆ ವಿಯೆನ್ನಾದ ಜಡ್ಜೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. “ಅಂದರೆ ತಾವು ನನ್ನನ್ನೂ...” ಎಂದು ಕನ್ನಡಕ ಸರಿಮಾಡಿಕೊಂಡರು.

“ಹೌದಪ್ಪಾ, ನಿನ್ನನ್ನೂ. ಹೊಟ್ಟೆ ಒಳಗೆಳ್ಕೊಂಡು ದಾಟು,” ಎಂದಳು ಬುರ್ಗಿ. ಮಕ್ಕಳು ಬಿದ್ದು ಬಿದ್ದು ನಕ್ಕವು. ಜಡ್ಜೂ ನಕ್ಕರು, ಹಾಲನ್ನೂ ಕುಡಿಸಿದರು.

ನಗುವುದಷ್ಟೇ ಅಲ್ಲ. ಬಸ್ಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬಂದ ಅತ್ತೆ ಸೊಸೆ, ಕಲ್ಲು ದಾಟಿದ ಮೇಲೆ ‘ನಿನ್ನ ಚೀಲ ಕೊಡು’, ‘ನೀನೇ ಮೊದಲು ಕುಡಿ’ ಎಂದು ತೊದಲುತ್ತಾ ಶುರುಮಾಡಿ, ಗುಡಿಸಲಿನಲ್ಲಿ ಒಂದೇ ತಟ್ಟೆಯಿಂದ ಬೆಣ್ಣೆಯಲ್ಲಿ ಹುರಿದ ಸಿಹಿ ದೋಸೆಯ ಚೂರು ತಿನ್ನುವುದನ್ನು ಬುರ್ಗಿ ಎಷ್ಟು ಸಲ ನೋಡಿಲ್ಲ! ಕಲ್ಲಿನಾಚೆ ಮುನಿಸು ನಿಲ್ಲುವುದಿಲ್ಲ ಎಂದು ಅವಳು ನಂಬಿದ್ದಳು. ನಂಬದೆ ಅವಳಿಗೆ ಗತಿಯಿರಲಿಲ್ಲ. ಅವಳ ಒಡಹುಟ್ಟಿದ ತಂಗಿ ಅವಳನ್ನು ಹದಿನಾಲ್ಕು ವರ್ಷದಿಂದ ‘ನೀವು’ ಎನ್ನುತ್ತಿದ್ದಳು.

ತಂಗಿಯ ಹೆಸರು ಫಿಲೊಮೇನಾ. ಎಲ್ಲರಿಗೂ ಮೇನಾ. ಊರಿನ ಒಂದೇ ಒಂದು ಬೇಕರಿ ಅವಳದು. ಗಂಡ ಬೇಯಿಸುತ್ತಿದ್ದ, ಅವಳು ಮಾರುತ್ತಿದ್ದಳು. ಅವರಿಗಿದ್ದವನು ಒಬ್ಬನೇ ಮಗ, ವೀಟ್. ಬುರ್ಗಿಯೇ ಅವನ ದೀಕ್ಷಾತಾಯಿ. ಚರ್ಚಿನಲ್ಲಿ ನೀರು ಹಾಕಿಸಿಕೊಳ್ಳುವಾಗ ಕೂಸು ಇವಳ ಮಡಿಲಲ್ಲೇ ಇತ್ತು. ನಡೆಯಲು ಕಲಿತದ್ದೇ ತಡ, ಮಂಗಳವಾರದ ನಡಿಗೆಗೆ ದೊಡ್ಡಮ್ಮನ ಕೈ ಹಿಡಿದು ಹೊರಡುತ್ತಿದ್ದ. ಏಳು ವರ್ಷಕ್ಕೆಲ್ಲ, “ಏ ಬುರ್ಗಿ, ಇವತ್ತು ಕೋಲು ನಾನು ಅಡ್ಡ ಹಿಡೀತೀನಿ, ನೀನು ಸುಮ್ನೆ ಹಿಂದೆ ನಿಲ್ಲು,” ಎಂದು ಯಜಮಾನಿಕೆ ಮಾಡುತ್ತಿದ್ದ.

ಆ ಮಂಗಳವಾರ ಹೊಳೆ ತುಂಬಿತ್ತು. ಕಲ್ಲಿನಿಂದ ಇನ್ನೂರು ಹೆಜ್ಜೆಗೆ ಹಲಗೆಯ ಸೇತುವೆ. ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡು ದಾಟಬಹುದಾದಷ್ಟು ಸಲೀಸಾದ ದಾರಿ. ಉದ್ಯಾನದಲ್ಲೇ ಅದಕ್ಕಿಂತ ನಿರಪಾಯದ ದಾರಿ ಇನ್ನೊಂದಿಲ್ಲ. ಮಕ್ಕಳು ಅಲ್ಲೊಂದು ಆಟ ಆಡುತ್ತಿದ್ದವು. ಸೇತುವೆಯ ಈ ಬದಿಯಲ್ಲಿ ಲಾರ್ಚ್ ಕಾಯಿ ಎಸೆದು, ಆ ಬದಿಗೆ ಓಡಿ, ಯಾರ ಕಾಯಿ ಮೊದಲು ತೇಲಿ ಬರುತ್ತದೆಂದು ಬಗ್ಗಿ ನೋಡುವುದು. ಬುರ್ಗಿ ವೀಟ್‌ನ ಕೈ ಹಿಡಿದೇ ನಿಂತಿದ್ದಳು. ಒಂದು ಕುಟುಂಬ, ಅಪ್ಪ ಅಮ್ಮ ಮೂರು ಹೆಣ್ಣುಮಕ್ಕಳು, “ನಮ್ಮದೊಂದು ಫೋಟೊ ತೆಗೀತೀಯಾ?” ಎಂದು ಕ್ಯಾಮೆರಾ ಚಾಚಿದರು. ಕ್ಯಾಮೆರಾಕ್ಕೆ ಎರಡು ಕೈ ಬೇಕು. ಅವಳು ಕೈ ಬಿಟ್ಟಳು. ಒಂದು ಫೋಟೊ ತೆಗೆಯಲು ಎಷ್ಟು ಹೊತ್ತು ಬೇಕು, ಅಷ್ಟೇ ಹೊತ್ತು.

ವೀಟ್ ಸಿಕ್ಕಿದ್ದು ಸಂಜೆಗೆ, ಊರಿನ ಗಿರಣಿಯ ಕೆಳಗೆ, ನೀರಿನಲ್ಲಿ.

ವಿಚಾರಣೆ ನಡೆಯಿತು, ಯಾರದೂ ತಪ್ಪಿಲ್ಲ ಎಂದು ಬರೆದರು, ಸೇತುವೆಗೆ ಬಲೆ ಕಟ್ಟಿದರು. ಮಣ್ಣು ಮಾಡಿದ ಎಂಟನೇ ದಿನ ಬುರ್ಗಿ ಬೇಕರಿಗೆ ಹೋದಳು. ರೊಟ್ಟಿ ಯಾರಿಗೆ ಬೇಕಿತ್ತು! ತಂಗಿ ಬೈಯಲಿ, ಹೊಡೆಯಲಿ, ಮುಖಕ್ಕೆ ಉಗಿಯಲಿ ಎಂದು ಹೋದಳು. ಸಾಲಿನಲ್ಲಿ ನಾಲ್ಕು ಜನ. ಅವಳ ಸರದಿ ಬಂತು. ಮೇನಾ ತಲೆಯೆತ್ತಿ, ಪಕ್ಕದ ಕಣಿವೆಯಿಂದ ಬಂದ ಅಪರಿಚಿತಳನ್ನು ಕೇಳುವಂತೆ ಕೇಳಿದಳು.

“ನಿಮಗೇನು ಕೊಡಲಿ?”

ಹಿಂದಿದ್ದವರು ನೆಲ ನೋಡಿದರು. ಬುರ್ಗಿ ಏನೂ ತೋಚದೆ, “ಒಂದು ಕಪ್ಪು ರೊಟ್ಟಿ ಕೊಡಿ,” ಎಂದುಬಿಟ್ಟಳು. ಆ ‘ಕೊಡಿ’ ಎಂದಲ್ಲಿಗೆ ಬಾಗಿಲು ಮುಚ್ಚಿತು. ಅಂದಿನಿಂದ ದಿನವೂ ಅದೇ. ಹವಾ ಹೇಗಿದೆ, ನಿಮ್ಮ ಚಿಲ್ಲರೆ ತಗೊಳ್ಳಿ, ಹೋಗಿಬನ್ನಿ. ಮರ್ಯಾದೆಗೆ ಏನೂ ಕಡಿಮೆಯಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಅಕ್ಕ ತಂಗಿ! ಅಂಥ ಮರ್ಯಾದೆ ಹಗೆಗೂ ಬೇಡ.

ಮತ್ತೊಂದು ವಿಷಯ ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಆ ದಿನದ ನಂತರ ಮೇನಾ ಕಲ್ಲಿನ ಕಡೆಗೆ ಒಂದು ಸಲವೂ ಹತ್ತಲಿಲ್ಲ. ಹತ್ತಿದರೆ ‘ನೀನು’ ಎನ್ನಬೇಕಾಗುತ್ತದೆ, ಅದಕ್ಕೇ ಬರುವುದಿಲ್ಲ ಎಂದು ಬುರ್ಗಿ ತಿಳಿದಳು. ಹಾಗಿದ್ದರೆ, ಎಂದಾದರೂ ಬಂದಳು ಎಂದರೆ, ಅನ್ನಲಿಕ್ಕೇ ಬಂದಿರುತ್ತಾಳೆ. ಈ ಲೆಕ್ಕಾಚಾರದ ಮೇಲೆ ಅವಳು ಹದಿನಾಲ್ಕು ಬೇಸಿಗೆ ನೂಕಿದಳು. ಜನ ಆಡಿಕೊಂಡರು. “ಅದೇ ಸೇತುವೆ ಮೇಲೆ ಮಕ್ಕಳನ್ನ ಕರ್ಕೊಂಡು ಹೋಗ್ತಾಳಲ್ಲ, ಎಂಥ ಗುಂಡಿಗೆಯಮ್ಮ ಇವಳದು!” ಎಂದರು. ಸೇತುವೆ ಬಂದಾಗ ದೊಡ್ಡವರು ಚಿಕ್ಕವರೆಲ್ಲ ಕೈಗೆ ಕೈ ಹಿಡಿದು ಸರಪಳಿಯಾಗಬೇಕು, ಇಲ್ಲದಿದ್ದರೆ ಬುರ್ಗಿ ಒಂದು ಹೆಜ್ಜೆ ಮುಂದಿಡಲು ಬಿಡುತ್ತಿರಲಿಲ್ಲ. ಯಾರಾದರೂ ಫೋಟೊ ತೆಗೆ ಎಂದರೆ, “ನನ್ನ ಕೈ ಖಾಲಿ ಇಲ್ಲ,” ಎನ್ನುವಳು. ಇರುತ್ತಲೂ ಇರಲಿಲ್ಲ, ಎರಡು ಕೈಯಲ್ಲೂ ಎರಡು ಮಕ್ಕಳ ಕೈ. ಒರಟು ಹೆಂಗಸು ಎಂದು ಬೇಜಾರು ಮಾಡಿಕೊಂಡು ಹೋದವರೂ ಉಂಟು.

ಪ್ರತಿ ಮಂಗಳವಾರ ಕಲ್ಲಿನ ಬಳಿ ಎಲ್ಲರನ್ನೂ ದಾಟಿಸಿದ ಮೇಲೆ ಅವಳೊಮ್ಮೆ ತಿರುಗಿ ಕೆಳಗಿನ ದಾರಿ ನೋಡುವಳು. ಯಾರಾದರೂ ಹಿಂದುಳಿದರೇನೋ ಎಂದು ನೋಡುತ್ತಾಳೆ ಎಂದುಕೊಳ್ಳುತ್ತಿದ್ದರು ಬಂದವರು.

ಕಳೆದ ಬೇಸಿಗೆಗೆ ಅವಳ ಸೊಂಟದ ಕೀಲು ಸವೆದುಹೋಯಿತು. ಪಟ್ಟಣದ ಡಾಕ್ಟರು ಎಕ್ಸ್‌ರೇ ನೋಡಿ, “ಇನ್ನು ಏರು ದಾರಿ ಸಾಕು. ಆಪರೇಷನ್ ಆದರೂ ಬೆಟ್ಟ ನಿಮಗಿಲ್ಲ,” ಎಂದರು. ಅವಳು ಡಾಕ್ಟರ ಮುಖವನ್ನೇ ನೋಡಿದಳು. ಬೆಟ್ಟ ಹೋದರೆ ಹೋಗಲಿ. ಬೆಟ್ಟದ ಜೊತೆ ಆ ಕಲ್ಲೂ ಹೋಗುತ್ತದೆ, ಕಲ್ಲಿನ ಜೊತೆ ತಂಗಿಯ ಬಾಯಿಂದ ಬರಬೇಕಾದ ಒಂದು ಮಾತೂ ಹೋಗುತ್ತದೆ. ಸಾಯುವತನಕ ‘ನಿಮಗೇನು ಕೊಡಲಿ’ ಒಂದೇ ಗತಿ.

ಆಗಸ್ಟ್ ಕೊನೆಯ ಮಂಗಳವಾರ ಬೆಳಿಗ್ಗೆ ಬೇಕರಿಗೆ ಹೋದಳು. ಸಾಲಿನಲ್ಲಿ ಯಾರೂ ಇರಲಿಲ್ಲ.

“ಇವತ್ತು ಕೊನೇ ನಡಿಗೆ,” ಎಂದಳು. “ಇನ್ಮೇಲೆ ನನ್ನಿಂದ ಆಗಲ್ಲವಂತೆ. ಹತ್ತು ಗಂಟೆಗೆ ಹೊರಡ್ತೀನಿ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಕಲ್ಲಿನ ಹತ್ರ ಇರ್ತೀನಿ.”

ಮೇನಾ ರೊಟ್ಟಿ ಸುತ್ತುತ್ತಿದ್ದಳು. ಕಾಗದವನ್ನು ಎರಡು ಸಲ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ಬೇರೆ ಏನಾದರೂ ಬೇಕಾ ನಿಮಗೆ?” ಎಂದಳು.

ಅಂದು ಬಂದವರು ಹನ್ನೊಂದು ಮಕ್ಕಳು, ಒಂಬತ್ತು ದೊಡ್ಡವರು. ಬುರ್ಗಿ ಕಲ್ಲಿನ ಬಳಿ ಎಲ್ಲರನ್ನೂ ಕೂರಿಸಿ ಇರುವೆ ಗೂಡಿನ ಕಥೆ ಹೇಳಿದಳು, ಜಿಂಕೆಯ ಕಥೆ ಹೇಳಿದಳು, ಹೇಳಿದ್ದನ್ನೇ ಹೇಳಿದಳು. ಗಂಟೆ ಹನ್ನೊಂದೂಕಾಲಾಯಿತು. ಕೆಂಪು ಟೋಪಿಯ ಒಂದು ಹುಡುಗಿ ಅವಳ ಅಂಗಿ ಜಗ್ಗಿದಳು.

“ಯಾರಿಗೆ ಕಾಯ್ತಿದೀರಿ?”

“ನೋಡು, ತಪ್ಪಿದೆ. ಕಾಯ್ತಿದೀಯ ಅನ್ನಬೇಕು,” ಎಂದಳು ಬುರ್ಗಿ. ಹೇಳುತ್ತಿದ್ದಂತೆ ದುಃಖ ಉಕ್ಕಿ ಬಂತು. ಮಗು ಹೆದರೀತೆಂದು ಮುಖ ತಿರುಗಿಸಿ ಮೂಗು ಒರೆಸಿಕೊಂಡಳು. ಯಾರೂ ಬರಲಿಲ್ಲ. ಎದ್ದು ಸರಪಳಿ ಕಟ್ಟಿಸಿ ಸೇತುವೆ ದಾಟಿಸಿದಳು. ಬರುವಾಗ ಇಳಿಜಾರಿನಲ್ಲಿ ಒಬ್ಬ ತಂದೆ ಅವಳನ್ನು ತೋಳು ಹಿಡಿದು ಇಳಿಸಬೇಕಾಯಿತು.

ಸೆಪ್ಟೆಂಬರಿನಲ್ಲಿ ಉದ್ಯಾನದ ಕಚೇರಿಯವರು ಹಳೆಯ ಬೋರ್ಡುಗಳನ್ನೆಲ್ಲ ಬದಲಿಸಲು ಹೊರಟರು. ರಮೋನಾ ಎಂಬ ಹುಡುಗಿ ಉಪಗ್ರಹ ನೋಡಿ ಎತ್ತರ ಅಳೆಯುವ ಕೋಲೊಂದನ್ನು ಹೊತ್ತು ಮೂರು ದಿನ ಊರೆಲ್ಲ ಸುತ್ತಿದಳು. ನಾಲ್ಕನೇ ದಿನ ಬುರ್ಗಿಯ ಅಡುಗೆಮನೆಯಲ್ಲಿ ಕುಳಿತು ಕಾಫಿ ಕಲಕುತ್ತಲೇ ಇದ್ದಳು, ಕುಡಿಯಲಿಲ್ಲ.

“ಅದೇನು ಹೇಳೇ ಹುಡುಗಿ. ಕಾಫಿ ಆರಿಹೋಯ್ತು,” ಎಂದಳು ಬುರ್ಗಿ.

“ಬೇಜಾರು ಮಾಡ್ಕೋಬೇಡಿ. ನಿಮ್ಮ ತಾತನ ಕಲ್ಲು... ಅದು ಸಾವಿರದಲ್ಲಿಲ್ಲ. ಅರವತ್ತೆರಡು ಮೀಟರ್ ಮೇಲಿದೆ.”

“ಏನಂದೆ?”

“ಒಳ್ಳೇ ಬಿಸಿಲಿರೋ ದಿನ ಅಳೆದಿರಬೇಕು. ಹವಾ ಚೆನ್ನಾಗಿದ್ದರೆ ಆ ಯಂತ್ರ ಎತ್ತರನ ಕಡಿಮೆ ತೋರಿಸುತ್ತೆ. ಪಾಪ, ಸಾವಿರ ಬರೋವರೆಗೂ ಹತ್ತುತ್ತಾನೇ ಹೋಗಿದಾರೆ.”

ಸಂಜೆಯೊಳಗೆ ಸುದ್ದಿ ಹೋಟೆಲಿಗೆ ಮುಟ್ಟಿತು. ನಮ್ಮವರಿಗೆ ಇಂಥದ್ದು ಸಿಕ್ಕರೆ ಕೇಳಬೇಕೆ!

“ಹಾಗಾದ್ರೆ ನಿಜವಾದ ಸಾವಿರ ಎಲ್ಲಯ್ಯಾ?”

“ಚರ್ಚ್ ಗುಡ್ಡದ ಮೇಲೆ. ಸಮಾಧಿಗಳ ಗೇಟಿನ ಕೆಳಗಿನ ಮೆಟ್ಟಿಲಲ್ಲಿ.”

“ಅಯ್ಯೋ ದೇವರೇ, ಇನ್ಮೇಲೆ ಪಾದ್ರಿಗೆ ನೀನು ಅನ್ನಬೇಕಾ?”

“ಅಲ್ಲೇ ಮಲಗಿರೋರನ್ನ ಕೇಳು. ಅಲ್ಲಿ ಯಾರೂ ಯಾರಿಗೂ ನೀವು ಅಂತಿಲ್ಲ,” ಎಂದ ಮರ ಕಡಿಯುವ ಮುದುಕ ಲೀನ್‌ಹಾರ್ಟ್. ಎಲ್ಲರೂ ನಕ್ಕರು.

ಅಲ್ಲೇ ಕುಳಿತಿದ್ದ ಬುರ್ಗಿಯೂ ನಕ್ಕಳು. ನಗುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. ವೀಟ್‌ನ ಸಮಾಧಿ ಗೇಟಿನಿಂದ ಒಳಗೆ ಮೂರನೇ ಸಾಲಿನಲ್ಲಿತ್ತು.

ಕಚೇರಿಯವರು ಗೇಟಿನ ಪಕ್ಕ ೧೦೦೦ ಎಂದು ಬರೆದ ಹೊಸ ಬೋರ್ಡು ನೆಟ್ಟುಹೋದರು. ಬುರ್ಗಿ ಮನೆಯ ಕಿಟಕಿಯಿಂದ ಅದನ್ನು ದಿನಾ ನೋಡುವಳು. ಬೋರ್ಡು ನೋಡಿ ತಂಗಿಯ ಮನಸ್ಸು ತಿರುಗುತ್ತದೆಯೇ? ಹುಚ್ಚು ಆಸೆ, ಅವಳಿಗೂ ಗೊತ್ತು. ಬೇಕರಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ನಿಮಗೇನು ಕೊಡಲಿ. ನಿಮ್ಮ ಚಿಲ್ಲರೆ. ಹೋಗಿಬನ್ನಿ.

ನವೆಂಬರ್ ಒಂದು, ಸಕಲ ಸಂತರ ಹಬ್ಬ. ಅಂದು ದೀಕ್ಷಾತಾಯಂದಿರು ಮಕ್ಕಳಿಗೆ ಜಡೆಯಂತೆ ಹೆಣೆದ ಸಿಹಿ ರೊಟ್ಟಿ ಕೊಡಬೇಕು. ಹದಿನಾಲ್ಕು ವರ್ಷವೂ ಬುರ್ಗಿ ಹಿಂದಿನ ದಿನ ಮೇನಾಳ ಅಂಗಡಿಯಿಂದಲೇ ಒಂದು ಜಡೆರೊಟ್ಟಿ ಕೊಂಡಿದ್ದಳು. ಯಾರಿಗೆ ಎಂದು ಮೇನಾ ಕೇಳುತ್ತಿರಲಿಲ್ಲ, ಇವಳು ಹೇಳುತ್ತಿರಲಿಲ್ಲ. ಮಧ್ಯಾಹ್ನ ಪಾದ್ರಿ ಸಮಾಧಿಗಳಿಗೆಲ್ಲ ತೀರ್ಥ ಚಿಮುಕಿಸುವಾಗ ಇವಳು ದೂರದ ಗೋಡೆಯ ಬಳಿ ನಿಂತು, ತಂಗಿ ಹೋದ ಮೇಲೆ ಹತ್ತಿರ ಹೋಗಿ ರೊಟ್ಟಿ ಇಟ್ಟು ಬರುವಳು.

ಈ ಸಲ ಗುಡ್ಡ ಹತ್ತಲು ಎರಡು ಕೋಲು ಬೇಕಾಯಿತು, ನಾಲ್ಕು ಕಡೆ ನಿಲ್ಲಬೇಕಾಯಿತು. ಬೋರ್ಡಿನ ಪಕ್ಕದಲ್ಲೇ ಹಾದಳು, ತಲೆಯೆತ್ತಿ ನೋಡಲಿಲ್ಲ. ಗೋಡೆಯ ಬಳಿ ತನ್ನ ಜಾಗದಲ್ಲಿ ನಿಂತಳು. ತೀರ್ಥವಾಯಿತು, ಪ್ರಾರ್ಥನೆಯಾಯಿತು, ಜನ ಮಂಜಿಗೆ ಕೈ ಉಜ್ಜಿಕೊಳ್ಳುತ್ತಾ ಮನೆಗೆ ಹೊರಟರು. ಮೇನಾಳ ಗಂಡ ಟೋಪಿ ಹಾಕಿಕೊಂಡು ಹೋದ. ಮೇನಾ ಹೋಗಲಿಲ್ಲ. ಸಮಾಧಿಯ ಮುಂದಿನ ಕೆಂಪು ದೀಪದ ಬತ್ತಿ ಸರಿಮಾಡಿದಳು. ಎದ್ದಳು. ಬೆನ್ನು ಇತ್ತ, ಮುಖ ಅತ್ತ.

“ಅಲ್ಲೇ ಯಾಕೆ ನಿಂತಿದ್ದೀಯ?”

ಬುರ್ಗಿ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು. ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಿಂತಿದ್ದೀಯ. ಕೊನೆಗೊಂದು ಸಣ್ಣ ‘ಯ’.

“ಬಾ. ಇಲ್ಲಿ ಬಂದು ನಿಲ್ಲು,” ಎಂದಳು ಮೇನಾ. ಬುರ್ಗಿ ಕೋಲೂರಿಕೊಂಡು ಹೋಗಿ ನಿಂತಳು. ಇಬ್ಬರೂ ಸಮಾಧಿಕಲ್ಲಿನ ಮೇಲಿನ ಹೆಸರನ್ನೇ ನೋಡುತ್ತಿದ್ದರು.

“ಬೋರ್ಡ್ ಹಾಕಿದ ದಿನಾನೇ ಓದಿದೆ,” ಎಂದಳು ಮೇನಾ. “ಆರು ವಾರ ಆಯ್ತು. ದಿನಾ ಬಂದು ಇವನ ಮುಂದೆ ಅಭ್ಯಾಸ ಮಾಡಿದೀನಿ, ನಿನಗೆ ಏನು ಹೇಳಬೇಕು ಅಂತ.”

“ಹೇಳು ಮೇನಾ.”

“ನೀನು ಅವನ ಕೈ ಬಿಟ್ಟೆ.”

“ಬಿಟ್ಟೆ.”

“ಯಾರದೋ ಫೋಟೊಗೆ ಬಿಟ್ಟೆ. ಯಾರೋ ಹಲ್ಲು ಕಿರಿಯೋಕೆ ನನ್ನ ಮಗನ ಕೈ ಬಿಟ್ಟೆ.”

“ಹೌದು. ಬಿಟ್ಟೆ.”

“ಹಾಳಾದವಳೇ!” ಮೇನಾಳ ಧ್ವನಿ ಒಡೆಯಿತು. “ಹದಿನಾಲ್ಕು ವರ್ಷ ಇದು ಗಂಟಲಲ್ಲಿತ್ತು. ‘ನೀವು ಕೈ ಬಿಟ್ರಿ’ ಅಂತ ಹೇಳೋಕಾಗುತ್ತಾ? ‘ನೀವು’ ಅಂದು ಯಾರಾದ್ರೂ ಅಕ್ಕನ್ನ ಬೈತಾರಾ? ಆವತ್ತು ನಾನು ‘ನೀನು’ ಅಂದಿದ್ರೆ ಆ ರೊಟ್ಟಿ ಕುಯ್ಯೋ ಚಾಕು ನನ್ನ ಕೈಲೇ ಇತ್ತು, ನಿನ್ನ ಏನು ಮಾಡ್ತಿದ್ನೋ. ಅದಕ್ಕೇ ‘ನೀವು’ ಅಂದೆ. ಆಮೇಲೆ ವಾಪಸ್ ಬರೋಕೆ ದಾರಿ ಸಿಗಲಿಲ್ಲ.”

“ನಾನು ಕಾದೆ ಕಣೇ. ಪ್ರತಿ ಮಂಗಳವಾರ. ಕಲ್ಲಿನ ಹತ್ರ.”

“ಅಲ್ಲಿಗಾ? ಅಲ್ಲಿಗೆ ಹ್ಯಾಗೆ ಬರಲಿ? ಆ ಕಲ್ಲಿನ ಹತ್ರ ಹೊಳೆ ಸದ್ದು ಕೇಳುತ್ತಲ್ಲ ಬುರ್ಗಿ. ನಿನಗೆ ಕೇಳಲ್ವಾ?”

ಬುರ್ಗಿಗೆ ಕೇಳುತ್ತಿತ್ತು. ಹದಿನಾಲ್ಕು ಬೇಸಿಗೆ ಕೇಳುತ್ತಲೇ ಇತ್ತು. ಅದು ತಂಗಿಗೂ ಕೇಳುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಅವಳು ಅತ್ತಳು, ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ. ಮೇನಾ ಅವಳನ್ನು ಅಪ್ಪಿಕೊಳ್ಳಲಿಲ್ಲ. ಅವಳ ಕೈಚೀಲದಿಂದ ರೊಟ್ಟಿಯ ಪೊಟ್ಟಣ ತೆಗೆದು, ಕಾಗದ ಬಿಚ್ಚಿ, ದೀಪದ ಪಕ್ಕ ಇಟ್ಟಳು.

“ಯಾರಿಗೆ ಅಂತ ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಪ್ರತಿ ವರ್ಷ ದೊಡ್ಡದನ್ನೇ ಆರಿಸಿ ಕೊಡ್ತಿದ್ದೆ.”

ಕತ್ತಲಾಗುವ ಮೊದಲು ಇಬ್ಬರೂ ಹೊರಟರು. ಗೇಟಿನ ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮೇನಾ ಕೈ ನೀಡಿದಳು. ಬುರ್ಗಿ ಹಿಡಿದಳು. “ಕೋಲು ಮೊದಲು ಊರು. ಹಾಂ, ಈಗ ಕಾಲಿಡು,” ಎನ್ನುತ್ತಾ ಇಳಿಸಿದಳು ಮೇನಾ. ಕೊನೆಯ ಮೆಟ್ಟಿಲು ಇಳಿದಾಗ ಬೋರ್ಡು ಅವರ ಬೆನ್ನಿಗಾಯಿತು. ಮೇನಾ ಕೈ ಬಿಟ್ಟಳು. ಶಾಲು ಎಳೆದುಕೊಂಡಳು.

“ನಾಳೆಗೆ ಕಪ್ಪು ರೊಟ್ಟಿ ಎತ್ತಿಡಲಾ ನಿಮಗೆ?”

ಬುರ್ಗಿ ತಂಗಿಯ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ಕೆಳಗೆ ಅವಳಿಂದ ಆಗುವುದಿಲ್ಲ, ಅಷ್ಟೇ.

“ಎತ್ತಿಡಿ,” ಎಂದಳು.

ಮೇನಾ ನಾಲ್ಕು ಹೆಜ್ಜೆ ನಡೆದು ನಿಂತಳು. ತಿರುಗದೆಯೇ ಕೇಳಿದಳು.

“ಭಾನುವಾರ ಪೂಜೆ ಆದ್ಮೇಲೆ ಮೇಲೆ ಬರ್ತೀರಲ್ಲ? ನಾನು ಬೈಯೋದು ಇನ್ನೂ ತುಂಬಾ ಇದೆ.”

“ಬರ್ತೀನಿ,” ಎಂದಳು ಬುರ್ಗಿ. “ಬೇಗನೇ ಹೊರಡ್ತೀನಿ. ನನಗೆ ಹತ್ತೋಕೆ ಹೊತ್ತು ಬೇಕು.”